ಇಬ್ಬರಿದ್ದರೆ ಮಾತ್ರ ಘರ್ಷಣೆ

ಸಭೆಯೊಂದರಲ್ಲಿ ಸದಸ್ಯರು ಹೊಡೆದಾಡಿಕೊಂಡರೆ ‘ಕೈ ಕೈ ಮಿಲಾಯಿಸಿದರು’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಅದೇ ಸದಸ್ಯರು ಒಂದು ಕೆಲಸಕ್ಕೆ ಒಟ್ಟಾಗಿ ನಿಂತರೆ ‘ಕೈ ಜೋಡಿಸಿದರು’ ಎನ್ನುತ್ತವೆ. ಮಿಲಾಯಿಸು ಎಂಬುದು ಹಿಂದಿಯಿಂದ ಬಂದ ಮಾತು, ಅದರ ಅರ್ಥವೂ ಕೂಡಿಸುವುದೇ. ಅಂದರೆ ಜಗಳಕ್ಕೂ ಸಹಕಾರಕ್ಕೂ ನಾವು ಬಳಸುತ್ತಿರುವುದು ಕೈಗಳು ಒಂದನ್ನೊಂದು ಸೇರುವ ಚಿತ್ರವನ್ನೇ. ಇದು ಕನ್ನಡದ ಆಕಸ್ಮಿಕವಲ್ಲ. ಪ್ರಾಚೀನ ಗ್ರೀಕರಲ್ಲಿ ‘ಸುಂಬಾಲ್ಲೋ’ ಎಂಬ ಒಂದು ಕ್ರಿಯಾಪದವಿತ್ತು. ‘ಸುನ್’ ಎಂದರೆ ಒಟ್ಟಿಗೆ, ‘ಬಾಲ್ಲೋ’ ಎಂದರೆ ಎಸೆಯುತ್ತೇನೆ. ಎರಡನ್ನು ಒಂದರ ಮೇಲೊಂದು ಎಸೆಯುವುದು, ತಾಗಿಸುವುದು, ತಾಗುವುದು ಅದರ ಮೂಲಾರ್ಥ. ಯುದ್ಧದಲ್ಲಿ ಸೇನೆಗಳು ಡಿಕ್ಕಿಯಾಗುವುದಕ್ಕೆ ಅವರು ಬಳಸುತ್ತಿದ್ದ ಪದ ಇದು. ನದಿಗಳ ಸಂಗಮಕ್ಕೆ, ದಾರಿಯಲ್ಲಿ ಇಬ್ಬರು ಎದುರಾಗುವುದಕ್ಕೆ, ಮಾತುಕತೆಗೆ, ಒಪ್ಪಂದಕ್ಕೆ, ಊಹೆಗೆ, ಕೊಡುಗೆಗೆ ಸಹ ಇದೇ ಪದ. ಈ ಪದದ ಬಾಳನ್ನು ನೋಡಿದರೆ ನಮ್ಮ ಸಾರ್ವಜನಿಕ ಮಾತಿನಲ್ಲಿ ಸೇರಿಕೊಂಡಿರುವ ಒಂದು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಇಬ್ಬರು ಎದುರುಬದುರಾದಾಗ ಹೇಳಬೇಕಾದ ‘ಘರ್ಷಣೆ’ ಎಂಬ ಪದವನ್ನು ಒಬ್ಬ ಇನ್ನೊಬ್ಬನನ್ನು ಹೊಡೆದಾಗಲೂ ನಾವು ಹೇಳುತ್ತಿದ್ದೇವೆ.

ಮೊದಲು ಪದದ ರೂಪಗಳನ್ನೇ ನೋಡೋಣ, ಏಕೆಂದರೆ ವಾದದ ಅರ್ಧ ಅಲ್ಲೇ ಇದೆ. ‘ಸುನ್’ ಮುಂದೆ ‘ಬ’ಕಾರ ಬಂದಾಗ ಅದರ ‘ನ್’ ‘ಮ್’ ಆಗುತ್ತದೆ, ವರ್ಗದ ಅನುನಾಸಿಕವನ್ನು ಶಾಲೆಯಲ್ಲಿ ಕಲಿತವರಿಗೆ ಇದು ಪರಿಚಿತ ಸಂಧಿ. ಭೂತಕಾಲದಲ್ಲಿ ಉಪಸರ್ಗಕ್ಕೂ ಧಾತುವಿಗೂ ನಡುವೆ ‘ಎ’ ಎಂಬ ಸ್ವರ ನುಗ್ಗುತ್ತದೆ. ಆಗ ‘ನ್’ ಮರಳಿ ಬಂದು ‘ಸುನೆಬಲೊನ್’ ಎಂದಾಗುತ್ತದೆ. ಸಂಸ್ಕೃತದ ‘ಸಮಗಚ್ಛತ್’ ಎಂಬಲ್ಲಿ ನಡುವೆ ಬರುವ ಅಕಾರವೂ ಇದೇ ಬಗೆಯದು. ಪೂರ್ಣಭೂತದಲ್ಲಿ ಧಾತು ಇಮ್ಮಡಿಗೊಂಡು ‘ಸುಂಬೆಬ್ಲೇಕ’ ಎನ್ನಿಸಿಕೊಳ್ಳುತ್ತದೆ. ಹಳೆಯ ಅಥೆನ್ಸಿನ ಬರಹಗಾರರು ‘ಸುನ್’ ಬದಲು ‘ಕ್ಸುನ್’ ಎನ್ನುತ್ತಿದ್ದರು. ಹೋಮರನಲ್ಲಿಯಂತೂ ಉಪಸರ್ಗ ಧಾತುವಿಗೆ ಇನ್ನೂ ಅಂಟಿಕೊಂಡೇ ಇಲ್ಲ, ಎರಡರ ನಡುವೆ ಬೇರೆ ಪದ ಬಂದು ಕೂರಬಹುದು. ಇವೆಲ್ಲಕ್ಕಿಂತ ಮುಖ್ಯವಾದ ರೂಪ ಇನ್ನೊಂದಿದೆ: ‘ಸುಂಬಾಲ್ಲೆಟೊನ್’. ಇದು ದ್ವಿವಚನ. ಒಬ್ಬರಲ್ಲ, ಹಲವರಲ್ಲ, ಎರಡೇ ಎರಡು ಕರ್ತೃಗಳು ಒಟ್ಟಿಗೆ ಮಾಡುವ ಕ್ರಿಯೆ.

ಆ ರೂಪ ಬರುವ ಜಾಗ ‘ಇಲಿಯಡ್’ ಕಾವ್ಯದ ನಾಲ್ಕನೆಯ ಸರ್ಗದಲ್ಲಿದೆ. ಗ್ರೀಕರ ಮತ್ತು ಟ್ರಾಯ್‌ನವರ ಸೇನೆಗಳು ಆ ಕಾವ್ಯದಲ್ಲಿ ಮೊದಲ ಬಾರಿಗೆ ಮುಖಾಮುಖಿಯಾಗುತ್ತವೆ. ಗುರಾಣಿಗೆ ಗುರಾಣಿ, ಭರ್ಜಿಗೆ ಭರ್ಜಿ ತಾಗುವುದನ್ನು ಕವಿ ಇದೇ ಪದದಿಂದ ಹೇಳುತ್ತಾನೆ. ಕೆಲವೇ ಸಾಲುಗಳ ನಂತರ ಉಪಮೆ ಬರುತ್ತದೆ: ಮಳೆಗಾಲದ ಎರಡು ಬೆಟ್ಟದ ಹೊಳೆಗಳು ಉಕ್ಕಿ ಇಳಿದು ಕಣಿವೆಯೊಂದರಲ್ಲಿ ನೀರಿಗೆ ನೀರು ಸೇರಿಸುತ್ತವೆ, ದೂರದ ಬೆಟ್ಟದಲ್ಲಿರುವ ಕುರಿಗಾಹಿಗೆ ಆ ಮೊರೆತ ಕೇಳಿಸುತ್ತದೆ. ಹೊಳೆಗಳು ಸೇರುವುದಕ್ಕೆ ಕವಿ ಬಳಸುವುದೂ ಇದೇ ಕ್ರಿಯಾಪದ, ದ್ವಿವಚನದಲ್ಲಿ. ಕೊಲ್ಲುವವರ ನರಳುವವರ ಸದ್ದನ್ನು ಹೇಳಿದ ಬೆನ್ನಿಗೇ ಸಂಗಮದ ಸದ್ದನ್ನು ಅದೇ ಪದದಲ್ಲಿ ಕೇಳಿಸಿದ ಕವಿಗೆ ಯುದ್ಧ ಸೌಮ್ಯವೆಂಬ ಭ್ರಮೆ ಇರಲಿಲ್ಲ. ಎರಡೂ ಹೊಳೆಗಳು ಸಮಾನ ಬಲದಿಂದ, ತಮ್ಮ ತಮ್ಮ ಬೆಟ್ಟದಿಂದ ಇಳಿದು ಬಂದಿವೆ. ಸೇರಿದ ಮೇಲೆ ಯಾವ ನೀರು ಯಾರದೆಂದು ಬೇರ್ಪಡಿಸಲಾಗದು. ಸಾವಿನ ಲೆಕ್ಕದಲ್ಲಿ ಸಮರ ಹಾಗೆಯೇ ಇರುತ್ತದೆ ಎಂಬುದು ಆ ಉಪಮೆಯ ಕಠಿಣವಾದ ನೋಟ. ಇದೇ ಕಾವ್ಯದ ಹದಿನಾಲ್ಕನೆಯ ಸರ್ಗದಲ್ಲಿ ಹೇರಾ ದೇವತೆ ಲೆಮ್ನೋಸ್ ದ್ವೀಪದಲ್ಲಿ ನಿದ್ರೆಯ ದೇವನನ್ನು ಎದುರುಗೊಳ್ಳುತ್ತಾಳೆ. ಅಲ್ಲಿ ಈ ಕ್ರಿಯಾಪದದ್ದೇ ಇನ್ನೊಂದು ರೂಪ ಬರುತ್ತದೆ, ಆದರೆ ಅದರಲ್ಲಿ ಏಟಿನ ಸುಳಿವೇ ಇಲ್ಲ, ಬರೀ ಭೇಟಿ.

ನಂತರದ ಶತಮಾನಗಳಲ್ಲಿ ಪದ ಹರಡಿಕೊಂಡ ಬಗೆ ಇನ್ನೂ ಸ್ವಾರಸ್ಯವಾದದ್ದು. ಕ್ರಿ.ಪೂ. 5ನೆಯ ಶತಮಾನದ ಹೆರೊಡೊಟಸ್ ಸೇನೆಗಳು ಕಾದಾಡಿದವು ಎನ್ನಲು ಇದನ್ನು ಬಳಸುತ್ತಾನೆ. ನೈಲ್ ನದಿಯ ಮೂಲ ಎಲ್ಲಿರಬಹುದು ಎಂದು ತರ್ಕಿಸುವಾಗಲೂ ಇದೇ ಪದ ಅವನ ಕೈಗೆ ಬರುತ್ತದೆ. ಗೊತ್ತಿರುವುದನ್ನು ಗೊತ್ತಿಲ್ಲದ್ದರ ಪಕ್ಕಕ್ಕೆ ತಂದು ತಾಗಿಸಿ ನೋಡುವುದೇ ಊಹೆ ಎಂಬುದು ಅಲ್ಲಿನ ಭಾವ. ‘ಸುಂಬೊಲೇ’ ಎಂಬ ನಾಮಪದಕ್ಕೆ ಕಾಳಗ ಎಂಬ ಅರ್ಥವಿತ್ತು. ಅದರ ಬಹುವಚನಕ್ಕೆ ನಾಲ್ಕು ಜನ ಸೇರಿ ಊಟ ಮಾಡುವಾಗ ಪ್ರತಿಯೊಬ್ಬನೂ ತರುವ ಪಾಲು, ನಾವು ವಂತಿಗೆ ಎನ್ನುವ ಅರ್ಥವೂ ಇತ್ತು. ‘ಸುಂಬೊಲಾಯಿಯೊನ್’ ಎಂದರೆ ಕರಾರು. ಒಂದು ನಗರದವನಿಗೆ ಇನ್ನೊಂದು ನಗರದವನೊಂದಿಗೆ ವ್ಯಾಜ್ಯ ಬಂದರೆ ನ್ಯಾಯಾಲಯಕ್ಕೆ ಹೋಗಲು ನಗರಗಳ ನಡುವೆ ಒಡಂಬಡಿಕೆಗಳಿರುತ್ತಿದ್ದವು. ಅವಕ್ಕೂ ಇದೇ ಬೇರಿನ ಹೆಸರು. ಇನ್ನು ‘ಸುಂಬೊಲೊನ್’ ಎಲ್ಲರಿಗಿಂತ ದೂರ ಪ್ರಯಾಣ ಮಾಡಿದ ಮಗು. ಎರಡು ಮನೆತನಗಳು ಅತಿಥಿಬಾಂಧವ್ಯ ಬೆಳೆಸಿದಾಗ ಮೂಳೆಯ ತುಂಡನ್ನೋ ಬಿಲ್ಲೆಯನ್ನೋ ಒಡೆದು ಆಳಿಗೊಂದು ಹೋಳು ಇಟ್ಟುಕೊಳ್ಳುತ್ತಿದ್ದರು. ತಲೆಮಾರು ಕಳೆದ ಮೇಲೂ ಹೋಳಿಗೆ ಹೋಳು ಕೂಡಿದರೆ ನಂಟು ಸಾಬೀತು. ಇಂಗ್ಲಿಷಿನ ಮೂಲಕ ನಮಗೆ ಬಂದಿರುವ ‘ಸಿಂಬಲ್’ ಈ ಒಡೆದ ಬಿಲ್ಲೆಯೇ. ಪ್ಲೇಟೋನ ‘ಸಿಂಪೋಸಿಯಂ’ ಕೃತಿಯಲ್ಲಿ ಹಾಸ್ಯನಾಟಕಕಾರ ಅರಿಸ್ಟೊಫನೀಸನ ಪಾತ್ರ ಹೇಳುವ ಕಥೆಯಲ್ಲಿ ಪ್ರತಿ ಮನುಷ್ಯನೂ ಇಂಥ ಒಂದು ಹೋಳು, ತನ್ನ ಇನ್ನರ್ಧವನ್ನು ಹುಡುಕುತ್ತಿರುವವನು. ಮುಂದೆ ಲೂಕನ ಸುವಾರ್ತೆಯಲ್ಲೂ ಅಪೊಸ್ತಲರ ಕೃತ್ಯಗಳಲ್ಲೂ ಈ ಕ್ರಿಯಾಪದ ಒಟ್ಟು ಆರು ಬಾರಿ ಬರುತ್ತದೆ. ಹೊಸ ಒಡಂಬಡಿಕೆಯ ಬೇರಾವ ಪುಸ್ತಕದಲ್ಲೂ ಅದಿಲ್ಲ. ಒಂದೆಡೆ ಮರಿಯಳು ಕೇಳಿದ ಮಾತುಗಳನ್ನು ಮನಸ್ಸಿನಲ್ಲೇ ಒಂದಕ್ಕೊಂದು ಕೂಡಿಸಿ ನೋಡುತ್ತಾಳೆ. ಮತ್ತೊಂದೆಡೆ ಅರಸನೊಬ್ಬ ಇನ್ನೊಬ್ಬ ಅರಸನ ಮೇಲೆ ಯುದ್ಧಕ್ಕೆ ಹೊರಡುತ್ತಾನೆ. ಅಥೆನ್ಸಿನಲ್ಲಿ ಎಪಿಕ್ಯೂರಿಯನ್ ಮತ್ತು ಸ್ಟೋಯಿಕ್ ತತ್ತ್ವಜ್ಞಾನಿಗಳು ಪೌಲನಿಗೆ ಎದುರಾಗುವ ಸಂದರ್ಭದಲ್ಲೂ ಇದೇ ಪದವಿದೆ. ಅವರು ಅವನನ್ನು ಭೇಟಿಯಾದರೋ, ಅವನೊಂದಿಗೆ ವಾದಕ್ಕಿಳಿದರೋ ಎಂದು ಅನುವಾದಕರು ಈಗಲೂ ಬೇರೆ ಬೇರೆಯಾಗಿ ತೀರ್ಮಾನಿಸುತ್ತಾರೆ. ಗ್ರೀಕ್ ಓದುಗನಿಗೆ ಆ ತೀರ್ಮಾನದ ಅಗತ್ಯವೇ ಇರಲಿಲ್ಲ.

ಹೋಮರನಿಂದ ಲೂಕನವರೆಗೆ ಸುಮಾರು ಎಂಟು ಶತಮಾನ. ಅಷ್ಟು ಕಾಲ ಒಂದು ಪದ ಕಾಳಗವನ್ನೂ ಕೂಟವನ್ನೂ ಒಟ್ಟಿಗೆ ಹೊತ್ತು ನಡೆದಿದೆ ಎಂದರೆ ಆಡುವವರು ಎರಡರಲ್ಲೂ ಸಮಾನವಾದದ್ದೇನನ್ನೋ ಕಂಡಿರಬೇಕು. ನನ್ನ ಓದಿನಲ್ಲಿ ಅದು ಹೊಡೆತವಲ್ಲ, ಇಬ್ಬರ ಇರುವಿಕೆ. ಎರಡು ಪಕ್ಷಗಳೂ ವಾಕ್ಯದ ಕರ್ತೃಸ್ಥಾನದಲ್ಲಿವೆ, ಎರಡೂ ಬಂದಿವೆ, ಎರಡೂ ತಾಗಿವೆ. ಇದನ್ನು ಖಚಿತಪಡಿಸುವುದು ಅದೇ ‘ಬಾಲ್ಲೋ’ ಧಾತುವಿಗೆ ಬೇರೆ ಉಪಸರ್ಗ ಹಚ್ಚಿದಾಗ ಆಗುವ ಬದಲಾವಣೆ. ‘ಪ್ರೋಸ್’ ಎಂದರೆ ಕಡೆಗೆ. ‘ಪ್ರೋಸ್‌ಬಾಲ್ಲೋ’ ಎಂದರೆ ಮೇಲೆ ಬೀಳುವುದು, ದಾಳಿ ಮಾಡುವುದು. ಥುಸಿಡಿಡೀಸನ ಇತಿಹಾಸದಲ್ಲಿ ಕೋಟೆಗೋಡೆಗಳ ಮೇಲಿನ ದಾಳಿಗೆ ಈ ಪದ ಮತ್ತೆ ಮತ್ತೆ ಬರುತ್ತದೆ. ‘ದಿಯಾ’ ಎಂದರೆ ಅಡ್ಡಕ್ಕೆ, ಆಚೆಗೆ. ‘ದಿಯಾಬಾಲ್ಲೋ’ ಎಂದರೆ ಒಬ್ಬನ ಬಗ್ಗೆ ಇನ್ನೊಬ್ಬನಲ್ಲಿ ಹಗೆ ಹುಟ್ಟಿಸುವುದು, ಚಾಡಿ ಹೇಳುವುದು, ಸುಳ್ಳು ಆರೋಪ ಹೊರಿಸುವುದು. ಕ್ರಿ.ಪೂ. 399ರಲ್ಲಿ ಸಾಕ್ರಟೀಸನ ವಿಚಾರಣೆ ನಡೆದಾಗ, ಪ್ಲೇಟೋ ಬರೆದಿರುವಂತೆ, ತನಗೆ ಶಿಕ್ಷೆಯಾದರೆ ಅದು ಎದುರಿಗೆ ನಿಂತ ದೂರುದಾರರಾದ ಮೆಲೆಟಸ್, ಅನಿಟಸರಿಂದಲ್ಲ, ಬಹುಕಾಲದಿಂದ ಜನರಲ್ಲಿ ಹಬ್ಬಿರುವ ‘ದಿಯಾಬೊಲೇ’ಯಿಂದ ಎಂದು ಅವನು ಹೇಳುತ್ತಾನೆ. ಎದುರು ಬಂದು ವಾದಿಸಿದವನಿಗೆ ಉತ್ತರ ಕೊಡಬಹುದು. ಮರೆಯಲ್ಲಿ ನಿಂತು ಹಬ್ಬಿಸಿದವನ ಜೊತೆ ವಾದಿಸುವುದು ನೆರಳಿನೊಡನೆ ಕುಸ್ತಿ ಹಿಡಿದಂತೆ ಎಂಬುದು ಅವನ ಅಳಲು. ಹೀಬ್ರೂ ಧರ್ಮಗ್ರಂಥದ ‘ಸೈತಾನ’ನಿಗೆ ಗ್ರೀಕ್ ಅನುವಾದಕರು ‘ದಿಯಾಬೊಲೊಸ್’ ಎಂಬ ಹೆಸರಿಟ್ಟದ್ದು ಇದೇ ಬೇರಿನಿಂದ. ಸುಂಬಾಲ್ಲೋ, ದಿಯಾಬಾಲ್ಲೋ ಎರಡನ್ನೂ ಎದುರುಬದುರು ಇಟ್ಟು ದೊಡ್ಡ ಸಿದ್ಧಾಂತ ಕಟ್ಟಿದವರು ಬಹಳ ನಂತರದವರು, ಗ್ರೀಕರಿಗೇ ಆ ಹುಮ್ಮಸ್ಸನ್ನು ಅಂಟಿಸಬಾರದು. ಆದರೆ ಮೂರು ಬೇರೆ ಕ್ರಿಯೆಗಳಿಗೆ ಮೂರು ಬೇರೆ ಪದ ಅವರಲ್ಲಿದ್ದದ್ದಂತೂ ನಿಜ: ಇಬ್ಬರ ತಾಗಾಟ, ಒಬ್ಬನ ದಾಳಿ, ಮರೆಯ ಮಸಲತ್ತು.

ನಮ್ಮಲ್ಲೂ ಪದಗಳಿಗೆ ಬಡತನವಿಲ್ಲ. ಸಮರ, ಸಂಯುಗ, ಸಂಗ್ರಾಮ ಇವೆಲ್ಲವೂ ಮೂಲದಲ್ಲಿ ಕೂಡುವಿಕೆಯ ಪದಗಳೇ. ಹಳಗನ್ನಡದ ‘ಪೊಣರ್’ ಹೋರಾಡು ಎಂದೂ ಆಗುತ್ತದೆ, ಜೋಡಿ ಎಂದೂ ಆಗುತ್ತದೆ. ಸದಾ ಜೋಡಿಯಾಗಿರುವ ಚಕ್ರವಾಕವನ್ನು ಕವಿಗಳು ‘ಪೊಣರ್ವಕ್ಕಿ’ ಎಂದು ಕರೆದದ್ದು ಅದಕ್ಕೇ. ಘರ್ಷಣೆ, ಸಂಘರ್ಷಗಳ ಬೇರಿನಲ್ಲಿರುವುದು ಉಜ್ಜುವಿಕೆ. ವಿಜ್ಞಾನದ ಪಠ್ಯದಲ್ಲಿ ಘರ್ಷಣೆಗೆ ಎರಡು ಮೇಲ್ಮೈಗಳು ಬೇಕೇ ಬೇಕು ಎಂದು ಮಕ್ಕಳಿಗೆ ಕಲಿಸುತ್ತೇವೆ. ಒಬ್ಬನೇ ಮಾಡುವ ಕೃತ್ಯಕ್ಕೆ ಹಲ್ಲೆ, ದಾಳಿ, ದೌರ್ಜನ್ಯ ಎಂಬ ಸ್ಪಷ್ಟವಾದ ಮಾತುಗಳಿವೆ. ಹೀಗಿದ್ದೂ ಒಂದು ಗುಂಪು ಇನ್ನೊಂದು ಕೇರಿಗೆ ನುಗ್ಗಿ ಹೊಡೆದರೆ ಮರುದಿನದ ತಲೆಬರಹ ‘ಎರಡು ಗುಂಪುಗಳ ನಡುವೆ ಘರ್ಷಣೆ’ ಎಂದಾಗುತ್ತದೆ. ಗಂಡ ಹೆಂಡತಿಯನ್ನು ಬಡಿದರೆ ಅದು ‘ದಂಪತಿ ಕಲಹ’. ಬಾಗಿಲು ಮುಚ್ಚಿಕೊಂಡು ಒಳಗಿದ್ದವರನ್ನೂ ಕಲ್ಲು ಹಿಡಿದು ಬಂದವರನ್ನೂ ಈ ವ್ಯಾಕರಣ ಒಂದೇ ಕರ್ತೃಸ್ಥಾನದಲ್ಲಿ ಕೂರಿಸುತ್ತದೆ. ಏಟು ತಿಂದವರಿಗೆ ಇದು ಎರಡನೆಯ ಏಟು, ಏಕೆಂದರೆ ಅವರು ಮಾಡದ ಕ್ರಿಯೆಯಲ್ಲಿ ಅರ್ಧ ಪಾಲನ್ನು ಭಾಷೆ ಅವರ ತಲೆಗೆ ಕಟ್ಟಿತು. ಒಂದೇ ಕೈಯಿಂದ ಚಪ್ಪಾಳೆಯಾಗದು ಎಂಬ ಗಾದೆಯನ್ನು ಪಂಚಾಯಿತಿಕಟ್ಟೆಯಿಂದ ಠಾಣೆಯವರೆಗೆ ನಾವು ತೀರ್ಪಿನಂತೆ ಬಳಸುತ್ತೇವೆ. ಚಪ್ಪಾಳೆಯ ಮಟ್ಟಿಗೆ ಅದು ನಿಜ. ಕಪಾಳಕ್ಕೆ ಬಾರಿಸಲು ಒಂದೇ ಕೈ ಸಾಕು.

ಈ ತಪ್ಪಿನ ಇನ್ನೊಂದು ಮುಖವೂ ಇದೆ. ಹಲ್ಲೆಯನ್ನೂ ಘರ್ಷಣೆ ಎಂದು ಕರೆದು ಕರೆದು ನಿಜವಾದ ಘರ್ಷಣೆಯ ಹೆಸರೇ ಕೆಟ್ಟಿದೆ. ಇಬ್ಬರು ವಿದ್ವಾಂಸರು ಶಾಸನದ ಪಾಠವೊಂದರ ಬಗ್ಗೆ ಖಡಾಖಡಿ ಭಿನ್ನಾಭಿಪ್ರಾಯ ಹೇಳಿದರೆ ‘ವಿವಾದ’ ಎಂದು ಬೆಚ್ಚುತ್ತೇವೆ. ಆದರೆ ಅಂಥ ಘರ್ಷಣೆ ಎಷ್ಟು ಒಳ್ಳೆಯದಿರಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖರಿತಿಯೊನ್ ಎಂಬ ಗ್ರೀಕ್ ಹೆಣ್ಣಿನ ಕಥೆ ಅದು. 1903ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಸ್ಥಳೀಯರು ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬಹುದು ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ವಾದಿಸಿದರು. ನಮ್ಮ ಶಾಮಶಾಸ್ತ್ರಿಗಳು ಮತ್ತು ಗೋವಿಂದ ಪೈಗಳು ಆ ವಾದವನ್ನು ಬೆಳೆಸಿದರು, ಬೇರೆಯವರು ಅದನ್ನು ಬಲವಾಗಿ ಅಲ್ಲಗಳೆದರು. ಇಂದಿಗೂ ಆ ಚರ್ಚೆ ಮುಗಿದಿಲ್ಲ. ಎರಡೂ ಕಡೆಯವರು ಒಂದೇ ಹಾಳೆಯ ಅದೇ ಅಕ್ಷರಗಳನ್ನು ಮುಂದಿಟ್ಟುಕೊಂಡು ಎದುರಾದದ್ದು ಸುಂಬಾಲ್ಲೋ ಪದದ ಎಲ್ಲ ಅರ್ಥದಲ್ಲೂ ಘರ್ಷಣೆ: ತಾಗುವಿಕೆ, ಹೋಲಿಕೆ, ಊಹೆ, ಕೊಡುಗೆ. ಆಧುನಿಕ ಗ್ರೀಕಿನಲ್ಲಿ ಈ ಕ್ರಿಯಾಪದಕ್ಕೆ ಉಳಿದಿರುವ ಮುಖ್ಯ ಅರ್ಥ ಕೊಡುಗೆ ನೀಡುವುದು. ಡಿಕ್ಕಿಗೂ ಸಂಘರ್ಷಕ್ಕೂ ಅಲ್ಲಿ ಈಗ ‘ಕ್ರೂವೋ’ ಧಾತುವಿನಿಂದ ಬಂದ ಬೇರೆ ಪದವಿದೆ. ಬಡಿಯುವುದು, ತಟ್ಟುವುದು ಆ ಧಾತುವಿನ ಹಳೆಯ ಅರ್ಥ. ಅದರದೇ ಇನ್ನೊಂದು ರೂಪವನ್ನು ಪ್ಲೇಟೋ ‘ಥೀಯೆಟೆಟಸ್’ ಸಂವಾದದಲ್ಲಿ, ಪಾತ್ರೆಯನ್ನು ತಟ್ಟಿ ಅದು ಗಟ್ಟಿಯೋ ಬಿರುಕು ಬಿಟ್ಟಿದೆಯೋ ಎಂದು ಸದ್ದಿನಿಂದ ತಿಳಿಯುವಂತೆ ಸಿದ್ಧಾಂತವನ್ನು ಪರೀಕ್ಷಿಸುವುದಕ್ಕೆ ಬಳಸಿದ್ದಾನೆ. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ನಮಗೆ ಈ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ ಭಾಷಾಶಾಸ್ತ್ರದವರದು. ಪದದ ಬೇರು ಪದದ ಅರ್ಥವಲ್ಲ. ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ಉಪಸರ್ಗ ಇಂದಿನ ಕನ್ನಡ ತಲೆಬರಹಕ್ಕೆ ಕಾನೂನು ಹೇಳಲಾರದು. ಪೂರ್ತಿ ಒಪ್ಪುತ್ತೇನೆ. ಬೇರನ್ನಷ್ಟೇ ಆಧರಿಸಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ. ನಾನು ಆಧರಿಸಿರುವುದು ಬಳಕೆಯನ್ನು. ಹೋಮರ್, ಹೆರೊಡೊಟಸ್, ಲೂಕ ಬೇರೆ ಬೇರೆ ಕಾಲದವರು, ಬೇರೆ ಬೇರೆ ಬಗೆಯ ಗ್ರೀಕ್ ಬರೆದವರು. ಇಬ್ಬರ ಪಾಲಿರುವಲ್ಲಿ ಅವರ ಕೈಗೆ ಈ ಪದ ಸಹಜವಾಗಿ ಬಂದಿದೆ. ಕನ್ನಡದ ಬಗ್ಗೆ ಹೇಳಿದ್ದಕ್ಕೂ ಸಾಕ್ಷಿ ಇಂದಿನ ಬಳಕೆಯೇ: ‘ಅವರಿಬ್ಬರ ನಡುವೆ ಘರ್ಷಣೆಯಾಯಿತು’ ಎಂದು ಕೇಳಿದ ಯಾವ ಕನ್ನಡಿಗನಾದರೂ ಇಬ್ಬರೂ ಕೈಮಾಡಿದರು ಎಂದೇ ತಿಳಿಯುತ್ತಾನೆ. ಕೇಳಿದವನ ತಿಳಿವಳಿಕೆ ಸುಳ್ಳಾದರೆ ಹೇಳಿದ ಮಾತೂ ಸುಳ್ಳೇ.

ಎರಡನೆಯ ಆಕ್ಷೇಪ ಸುದ್ದಿಮನೆಯದು, ಅದಕ್ಕೆ ಹೆಚ್ಚು ತೂಕವಿದೆ. ಗಲಭೆಯಾದ ರಾತ್ರಿ ಯಾರು ಮೊದಲು ಕೈಯೆತ್ತಿದರು ಎಂದು ವರದಿಗಾರನಿಗೆ ತಿಳಿದಿರುವುದಿಲ್ಲ. ‘ದಾಳಿ’ ಎಂದು ಬರೆದು ಅದು ತಪ್ಪಾದರೆ ಇನ್ನೊಂದು ಗಲಭೆಗೆ ಕಿಡಿ ಹೊತ್ತಿಸಿದಂತಾಗುತ್ತದೆ, ಮೊಕದ್ದಮೆಯೂ ಬೀಳಬಹುದು. ‘ಘರ್ಷಣೆ’ ಸುರಕ್ಷಿತ ಪದ. ಈ ಎಚ್ಚರಿಕೆ ಬೇಕಾದದ್ದೇ. ಆದರೆ ತಿಳಿಯದಿರುವುದು ಬೇರೆ, ಇಬ್ಬರೂ ಮಾಡಿದರು ಎನ್ನುವುದು ಬೇರೆ. ‘ಘರ್ಷಣೆ’ ಎಂದ ಕೂಡಲೇ ನಾವು ಸುಮ್ಮನಿರಲಿಲ್ಲ, ಒಂದು ತೀರ್ಮಾನ ಹೇಳಿಯೇಬಿಟ್ಟೆವು. ಹಿಂಸಾಚಾರ ನಡೆಯಿತು, ಇಷ್ಟು ಜನ ಇಂಥ ಕೇರಿಯವರು ಗಾಯಗೊಂಡರು, ಹೇಗೆ ಆರಂಭವಾಯಿತೆಂದು ಇನ್ನೂ ತಿಳಿದಿಲ್ಲ ಎಂದು ಬರೆಯುವುದಕ್ಕೆ ಕನ್ನಡದಲ್ಲಿ ಯಾವ ತೊಡಕೂ ಇಲ್ಲ. ಮೂರನೆಯ ದಿನಕ್ಕೆ ವಿಷಯ ತಿಳಿದ ಮೇಲೆ ಪದವನ್ನು ಬದಲಿಸಬೇಕು. ಅದನ್ನು ಮಾಡದಿದ್ದಾಗ ಮೊದಲ ದಿನದ ಎಚ್ಚರಿಕೆಯೇ ಕೊನೆಗೆ ಇತಿಹಾಸವಾಗಿ ಕೂರುತ್ತದೆ.

ಗ್ರೀಕರನ್ನು ಮಾದರಿಯಾಗಿ ತೋರಿಸುವುದೇ ತಪ್ಪು, ಅವರೇನು ಅಷ್ಟು ನ್ಯಾಯವಂತರೇ ಎಂದು ಕೇಳುವವರೂ ಇದ್ದಾರೆ. ಅಲ್ಲ. ಕ್ರಿ.ಪೂ. 416ರಲ್ಲಿ ಅಥೆನ್ಸಿನ ಪಡೆ ಮೆಲೋಸ್ ಎಂಬ ಪುಟ್ಟ ದ್ವೀಪಕ್ಕೆ ಹೋಗಿ ಶರಣಾಗಿರೆಂದಿತು. ಅಲ್ಲಿ ನಡೆದ ಮಾತುಕತೆಯನ್ನು ಥುಸಿಡಿಡೀಸ್ ನಾಟಕದ ಸಂಭಾಷಣೆಯಂತೆ ಬರೆದಿದ್ದಾನೆ. ನ್ಯಾಯದ ಪ್ರಶ್ನೆ ಏಳುವುದು ಸಮಬಲರ ನಡುವೆ ಮಾತ್ರ ಎಂದು ಅಥೆನ್ಸಿನ ದೂತರು ಮೊದಲೇ ಕಡ್ಡಿ ಮುರಿದಂತೆ ಹೇಳುತ್ತಾರೆ. ಕೊನೆಗೆ ಮೆಲೋಸ್ ಸೋತಾಗ ವಯಸ್ಕ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಲಾಯಿತು. ಈ ಘಟನೆಯನ್ನು ‘ಅಥೆನ್ಸ್–ಮೆಲೋಸ್ ಸಂಘರ್ಷ’ ಎಂದು ಕರೆದರೆ ಏನೆಲ್ಲ ಮರೆಯಾಗುತ್ತದೆ ಎಂದು ಯೋಚಿಸಿ ನೋಡಬೇಕು. ಅದೇ ಲೇಖಕ ಕ್ರಿ.ಪೂ. 427ರ ಕೊರ್ಸಿರಾ ಅಂತರ್ಯುದ್ಧವನ್ನು ವರ್ಣಿಸುವಾಗ, ಜನ ಪದಗಳಿಗೆ ರೂಢಿಯಲ್ಲಿದ್ದ ಅರ್ಥವನ್ನೇ ಬದಲಿಸಿಕೊಂಡರು, ದುಡುಕಿಗೆ ಧೈರ್ಯವೆಂದೂ ವಿವೇಕಕ್ಕೆ ಹೇಡಿತನದ ಮುಸುಕೆಂದೂ ಹೆಸರಿಟ್ಟರು ಎಂದು ವಿಷಾದದಿಂದ ಗಮನಿಸುತ್ತಾನೆ. ಮಾಡಿದವರು ಕ್ರೂರಿಗಳಾಗಿದ್ದರು, ಬರೆದವನು ಆ ಕ್ರೌರ್ಯಕ್ಕೆ ಸಮತೂಕದ ಪದ ಹುಡುಕಲಿಲ್ಲ. ನಮ್ಮ ಪತ್ರಿಕೆಗಳಿಂದ ಬಯಸಬೇಕಾದದ್ದು ಇಷ್ಟು ಮಾತ್ರ.

ದ್ವಿವಚನ ಕನ್ನಡಕ್ಕಿಲ್ಲ. ಗ್ರೀಕಿನಲ್ಲೂ ಅದು ಕ್ರಮೇಣ ಸತ್ತುಹೋಯಿತು, ಲೂಕನ ಕಾಲಕ್ಕೆ ಅದರ ಸುಳಿವೇ ಇಲ್ಲ. ಆದರೆ ಅದು ಬದುಕಿದ್ದಾಗ ಮಾಡುತ್ತಿದ್ದ ಕೆಲಸ ದೊಡ್ಡದು. ‘ಇಲಿಯಡ್’ನ ಆರನೆಯ ಸರ್ಗದಲ್ಲಿ ಗ್ಲಾಕಸ್, ಡಯೊಮೀಡೀಸ್ ಎಂಬ ಶತ್ರುವೀರರು ರಣದ ನಡುವೆ ಒಬ್ಬರನ್ನೊಬ್ಬರು ಕೊಲ್ಲಲು ಎದುರಾಗುವಾಗ ಕ್ರಿಯಾಪದ ದ್ವಿವಚನದಲ್ಲಿದೆ. ಹೆಸರು ಕುಲ ಕೇಳಿಕೊಂಡಾಗ ಅಜ್ಜಂದಿರ ಕಾಲದ ಅತಿಥಿಬಾಂಧವ್ಯ ಹೊರಬೀಳುತ್ತದೆ. ಅವರು ರಥದಿಂದಿಳಿದು ಕೈ ಹಿಡಿದು ಕವಚ ಬದಲಾಯಿಸಿಕೊಳ್ಳುತ್ತಾರೆ. ಇನ್ನೊಂದು ನಿದರ್ಶನ ನಾಟಕದ್ದು. ಗ್ರೀಕರು ಗೆದ್ದ ಸಲಾಮಿಸ್ ಯುದ್ಧ ಮುಗಿದು ಎಂಟೇ ವರ್ಷಕ್ಕೆ, ಕ್ರಿ.ಪೂ. 472ರಲ್ಲಿ, ನಾಟಕಕಾರ ಈಸ್ಕಿಲಸ್ ಸೋತ ಪರ್ಷಿಯನ್ನರ ಅರಮನೆಯನ್ನೇ ಅಥೆನ್ಸಿನ ರಂಗಕ್ಕೆ ತಂದ. ಅವನು ಸ್ವತಃ ಮ್ಯಾರಥಾನಿನಲ್ಲಿ ಅವರ ವಿರುದ್ಧ ಕಾದಿದ್ದವನು. ಬಿ.ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ನಾಟಕ ಅದು. ಅದರಲ್ಲಿ ರಾಜಮಾತೆ ಕಂಡ ಕನಸಿನಲ್ಲಿ ಒಳ್ಳೆಯ ಉಡುಗೆಯ ಇಬ್ಬರು ಹೆಂಗಸರಿದ್ದಾರೆ, ಒಬ್ಬಳದು ಪರ್ಷಿಯದ ಉಡುಗೆ, ಇನ್ನೊಬ್ಬಳದು ಗ್ರೀಕ್ ಉಡುಗೆ. ಇಬ್ಬರೂ ಒಂದೇ ವಂಶದ ಅಕ್ಕತಂಗಿಯರು. ಅವರನ್ನು ಕವಿ ದ್ವಿವಚನದಲ್ಲಿ ಹೆಸರಿಸುತ್ತಾನೆ. ಅವರ ನಡುವೆ ಏನೋ ಜಗಳ ಹತ್ತಿಕೊಳ್ಳುತ್ತದೆ. ಆಗ ಮಗ ಕ್ಸರ್ಕ್ಸೀಸ್ ಬಂದು ಸಮಾಧಾನದ ಹೆಸರಿನಲ್ಲಿ ಇಬ್ಬರ ಹೆಗಲಿಗೂ ನೊಗವಿಟ್ಟು ರಥಕ್ಕೆ ಹೂಡುತ್ತಾನೆ. ಅಲ್ಲಿಂದ ಮುಂದೆ ಕವಿ ಇಬ್ಬರನ್ನು ಬೇರೆ ಮಾಡಿ ಒಬ್ಬೊಬ್ಬಳ ನಡೆಯನ್ನು ಹೇಳುತ್ತಾನೆ: ಒಬ್ಬಳು ನೊಗಕ್ಕೆ ಹೆಮ್ಮೆಯಿಂದ ತಲೆಬಾಗಿಸಿ ನಿಲ್ಲುತ್ತಾಳೆ, ಇನ್ನೊಬ್ಬಳು ಮಿಣಿಗಳನ್ನು ಕಿತ್ತೆಸೆದು ನೊಗವನ್ನು ನಡುವೆಯೇ ಮುರಿಯುತ್ತಾಳೆ.